ಸಾಲುಗಳ ಲೆಕ್ಕಕ್ಕೆ ಸಿಗದ ಹಳಕಟ್ಟಿ

ಸೇವೆಯಲ್ಲಿದ್ದಾಗ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಾಸಿಕ ಪ್ರಗತಿ ವರದಿಗಳಿಗೆ ನಾನು ಸಹಿ ಹಾಕುತ್ತಿದ್ದೆ. ಅಂಕಿ ಏರಿದರೆ ಪ್ರಗತಿ. ಇಳಿದರೆ ವಿವರಣೆ ಕೇಳಿ ಪತ್ರ. ಮುಂದೆ ಕಚೇರಿಯ ಗಣಕೀಕರಣದಲ್ಲಿಯೂ ಪ್ರೋಗ್ರಾಮಿನ ಸಾಲುಗಳನ್ನೇ ಎಣಿಸಿ ಕೆಲಸವನ್ನು ಅಳೆದೆವು. ಅನಗತ್ಯ ಸಾಲುಗಳನ್ನು ಅಳಿಸಿ ಪ್ರೋಗ್ರಾಮನ್ನು ಸರಿಪಡಿಸಿದ ಯುವಕನೊಬ್ಬನ ತಿಂಗಳ ಸಾಧನೆ ನಮ್ಮ ಕೋಷ್ಟಕದಲ್ಲಿ ಸೊನ್ನೆಗಿಂತ ಕೆಳಗಿತ್ತು. ಆತನಿಂದ ವಿವರಣೆ ಕೇಳಿದವನು ನಾನೇ. ಅಂದು ನನಗೆ ಅದೇ ಜಿಲ್ಲೆಯ ಫ.ಗು. ಹಳಕಟ್ಟಿಯವರು ನೆನಪಾಗಬೇಕಿತ್ತು.

1880ರಲ್ಲಿ ಧಾರವಾಡದಲ್ಲಿ ಜನಿಸಿದ ಹಳಕಟ್ಟಿಯವರು ಮುಂಬಯಿಯಲ್ಲಿ ಕಾನೂನು ಓದಿ, ಅಂದಿನ ವಿಜಾಪುರ, ಇಂದಿನ ವಿಜಯಪುರದಲ್ಲಿ ವಕೀಲರಾಗಿ ನೆಲೆಸಿದರು. ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕುಗಳನ್ನು ಕಟ್ಟುವುದರಲ್ಲಿ ಮುಂದಾಳಾಗಿದ್ದ ಅವರನ್ನು ಕೊನೆಗೆ ಪೂರ್ಣವಾಗಿ ಸೆಳೆದುಕೊಂಡದ್ದು ಮಠ, ಮನೆಗಳಲ್ಲಿ ಪೂಜೆಗೊಳ್ಳುತ್ತಿದ್ದ, ಆದರೆ ಯಾರೂ ಬಿಚ್ಚಿ ಓದದಿದ್ದ ತಾಳೆಗರಿಯ ಕಟ್ಟುಗಳು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. 1925ರಲ್ಲಿ ಇದ್ದ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭವಾಯಿತು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಒಲಿದು ಬಂತು. ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದ ನಾಡಿಗೆ ಅವರು ಪರಿಚಯಿಸಿದವರ ಸಂಖ್ಯೆ ಇನ್ನೂರನ್ನು ದಾಟಿತೆಂದು ಹೇಳುವುದುಂಟು.

ಈ ಅಂಕಿ ದೊಡ್ಡದೇ. ಆದರೆ ಅವರ ಶ್ರಮ ಅದರೊಳಗೆ ಕಾಣುವುದಿಲ್ಲ. ಒಂದೇ ವಚನ ಹಲವು ಕಟ್ಟುಗಳಲ್ಲಿ ಹಲವು ರೂಪಗಳಲ್ಲಿ ಇರುತ್ತದೆ. ಮೂರು ಪ್ರತಿಗಳೂ ಒಂದೇ ವಚನವೆಂದು ಸಂಪಾದಕ ಗುರುತಿಸಿದ ದಿನ ಎಣಿಕೆ ಇಳಿಯುತ್ತದೆ, ತಿಳಿವು ಏರುತ್ತದೆ. ಒಂದು ಪದದ ಸರಿಯಾದ ಪಾಠಕ್ಕಾಗಿ ವಾರವಿಡೀ ತಡಕಾಡಿದರೆ ಕೋಷ್ಟಕದಲ್ಲಿ ಬರೆಯಲು ಏನೂ ಇರುವುದಿಲ್ಲ. ವಚನವಾದರೂ ಎಷ್ಟು ಉದ್ದದ್ದು? ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರನ್ನು ಸಾಲುಗಳಿಂದ ಅಳೆಯಲು ಹೊರಟವನು ನಗೆಪಾಟಲಾದಾನು.

ಎಣಿಕೆಯೇ ಬೇಡವೆಂದು ನಾನು ಹೇಳಲಾರೆ. ಮುದ್ರಣಕ್ಕೆ ಕಾಗದ ಎಷ್ಟು ಬೇಕೆಂದು ತಿಳಿಯಲು ಪುಟಗಳನ್ನು ಎಣಿಸಲೇಬೇಕು. ಪ್ರೋಗ್ರಾಮಿನ ಗಾತ್ರವನ್ನು ಅಂದಾಜಿಸಲು ಸಾಲುಗಳೂ ನೆರವಾಗುತ್ತವೆ. ಆದರೆ ಅದೇ ಕೆಲಸಕ್ಕೆ ಒಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ನೂರು ಸಾಲು ಬೇಕಾದರೆ ಇನ್ನೊಂದರಲ್ಲಿ ಹತ್ತು ಸಾಕಾದೀತು. ಸಾಲುಗಳನ್ನು ಉತ್ಪಾದನೆಯೆಂದಲ್ಲ, ವೆಚ್ಚವೆಂದು ಬರೆದುಕೊಳ್ಳಬೇಕೆಂಬುದು ಡಚ್ ಗಣಕ ವಿಜ್ಞಾನಿ ಡೈಕ್‌ಸ್ಟ್ರಾ ಅವರ ನಿಲುವಾಗಿತ್ತು. ಅರ್ಥಶಾಸ್ತ್ರ ಓದಿದ ನನಗೆ ಈ ವ್ಯತ್ಯಾಸ ತಡವಾಗಿ ಹೊಳೆದದ್ದು ನಾಚಿಕೆಯ ಸಂಗತಿ. ಬರೆದಷ್ಟಕ್ಕೂ ಬಹುಮಾನ ಎಂದಾದರೆ ಅಳಿಸುವ ಗೋಜಿಗೆ ಯಾರು ಹೋದಾರು?

ಹಳಕಟ್ಟಿಯವರು 1964ರಲ್ಲಿ ನಿಧನರಾದರು. ನಮ್ಮ ಕೋಷ್ಟಕದ ಪ್ರಕಾರ ಅವರು ಮಾರಿದ ಮನೆ ಬರಿಯ ನಷ್ಟ. ಆ ನಷ್ಟದಿಂದಲೇ ಕನ್ನಡಕ್ಕೆ ಒಂದು ಸಾಹಿತ್ಯ ಮರಳಿ ದಕ್ಕಿತು.

ಯುವಕನಿಗೆ ಕಳುಹಿಸಿದ ಪತ್ರವನ್ನು ನಾನು ಹಿಂಪಡೆದೆ. ಕೋಷ್ಟಕವನ್ನು ಬದಲಿಸುವ ಧೈರ್ಯ ಮಾತ್ರ ನಿವೃತ್ತಿಯವರೆಗೂ ಬರಲಿಲ್ಲ.