ನೊಣದ ನರದಲ್ಲಿ ಉತ್ತರ ಹುಡುಕಿದ ಒಬೈದ್ ಸಿದ್ದೀಕಿ

ಮಾಗಿದ ಬಾಳೆಹಣ್ಣಿಗೆ ಮುತ್ತುವ ಪುಟ್ಟ ಹಣ್ಣುನೊಣಗಳನ್ನು ನೀವು ಕೈಬೀಸಿ ಓಡಿಸಿರುತ್ತೀರಿ. ಆ ನೊಣವನ್ನೇ ಮುಂದಿಟ್ಟುಕೊಂಡು ಮೆದುಳಿನ ಗುಟ್ಟು ಅರಿಯಲು ದಶಕಗಳ ಕಾಲ ದುಡಿದವರು ಪ್ರೊ. ಒಬೈದ್ ಸಿದ್ದೀಕಿ.

1932ರಲ್ಲಿ ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಜನಿಸಿದ ಅವರು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದರು. ಬಳಿಕ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗೋಧಿಯ ಮೇಲೆ ಸಂಶೋಧನೆಗಿಳಿದರು. ಆಲಿಕಲ್ಲು ಮಳೆ ಬಿದ್ದು ಪ್ರಯೋಗದ ಬೆಳೆ ನೆಲಕಚ್ಚಿತು. ಮಳೆಗೆ ಬೆಳೆ ಕಳೆದುಕೊಳ್ಳುವುದೆಂದರೇನೆಂದು ಕಿಗ್ಗದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಿದ್ದೀಕಿಯವರು ಗ್ಲಾಸ್ಗೋಗೆ ತೆರಳಿ ತಳಿಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಹೋಮಿ ಭಾಭಾ ಅವರ ಆಹ್ವಾನದಂತೆ 1962ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗ ಕಟ್ಟಿದರು.

1970ರ ದಶಕದಲ್ಲಿ ಅಮೆರಿಕದ ಸೆಮೂರ್ ಬೆಂಜರ್ ಅವರೊಡನೆ ಮಾಡಿದ ಕೆಲಸವನ್ನು ನೀವು ಗಮನವಿಟ್ಟು ಓದಬೇಕು. ಕೆಲವು ನೊಣಗಳು ಸಾಮಾನ್ಯ ಉಷ್ಣತೆಯಲ್ಲಿ ಚೆನ್ನಾಗಿಯೇ ಇರುತ್ತವೆ. ಬಿಸಿ ಏರಿದೊಡನೆ ಲಕ್ವ ಹೊಡೆದಂತೆ ಬೀಳುತ್ತವೆ. ಒಂದು ತಳಿಯಂತೂ ತಂಪಾದ ಮೇಲೂ ಬಹಳ ಹೊತ್ತು ಏಳುವುದಿಲ್ಲ. ಅದಕ್ಕೆ 'ಕೊಮಟೋಸ್' ಎಂದು ಹೆಸರು. ಇಂಥ ತಳಿಗಳ ನರಗಳಲ್ಲಿ ಕೆಟ್ಟದ್ದೇನೆಂದು ಇಬ್ಬರೂ ಅಳೆದು 1976ರಲ್ಲಿ ಪ್ರಕಟಿಸಿದರು.

ಕೊಮಟೋಸ್‌ನ ದೋಷ ಎನ್‌ಎಸ್‌ಎಫ್ ಎಂಬ ಪ್ರೋಟೀನಿನದ್ದೆಂದು ಬೇರೆ ಸಂಶೋಧಕರು ತಿಳಿಸಿದ್ದು ಸುಮಾರು 20 ವರ್ಷಗಳ ನಂತರ! ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗಕ್ಕೆ ಸಿನಾಪ್ಸ್ ಎನ್ನುತ್ತಾರೆ. ಅಲ್ಲಿ ರಾಸಾಯನಿಕ ತುಂಬಿದ ಪುಟ್ಟ ಚೀಲಗಳು ಕೋಶದ ಪೊರೆಗೆ ಬೆಸೆದುಕೊಂಡು ಒಡೆಯುತ್ತವೆ. ಆ ಬೆಸುಗೆಯ ಪ್ರೋಟೀನುಗಳನ್ನು ಮತ್ತೆ ಬಿಡಿಸಿ ಮುಂದಿನ ಸಂದೇಶಕ್ಕೆ ಸಿದ್ಧಪಡಿಸುವುದು ಎನ್‌ಎಸ್‌ಎಫ್. ಅದು ನಿಂತರೆ ನೊಣವೂ ನಿಲ್ಲುತ್ತದೆ. ಬೆಳೆಯುವ ಮೆದುಳಿನಲ್ಲಿ ಇಂಥ ಪ್ರೋಟೀನುಗಳು ಹೆಚ್ಚಾಗಿ ಕೋಶದ ಒಡಲಿನಲ್ಲಿ ತಯಾರಾಗಿ, ಉದ್ದನೆಯ ನರತಂತುವಿನಲ್ಲಿ ಪಯಣಿಸಿ, ತುದಿಯಲ್ಲಿ ನೆಲೆಗೊಳ್ಳಬೇಕು. ಪ್ರೋಟೀನು ಇದ್ದರೆ ಸಾಲದು, ತಕ್ಕ ಜಾಗದಲ್ಲಿರಬೇಕು.

ಮುಂದೆ ಶಿಷ್ಯೆ ವೆರೋನಿಕಾ ರಾಡ್ರಿಗಸ್ ಅವರೊಡನೆ ನೊಣದ ವಾಸನೆ, ರುಚಿಗಳ ಜೀನ್‌ಗಳನ್ನು ಹುಡುಕಿದರು. 1990ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ಗೋಧಿ ಹೊಲದಿಂದ ಹೊರಟವರ ಸಂಸ್ಥೆ ನಿಂತದ್ದು ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲೇ ಎಂಬುದು ಸೋಜಿಗ. 2006ರಲ್ಲಿ ಪದ್ಮವಿಭೂಷಣ ಬಂತು. ನಿರ್ದೇಶಕ ಹುದ್ದೆ ಬಿಟ್ಟ ಮೇಲೂ ಪ್ರಯೋಗಾಲಯ ಬಿಡಲಿಲ್ಲ. ರಸ್ತೆ ಅಪಘಾತದಲ್ಲಿ ಗಾಯಗೊಂಡು 2013ರ ಜುಲೈ 26ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ 81 ವರ್ಷ.