ಚಿಪ್ ಮಾರಿದ ರಾಬರ್ಟ್ ನಾಯ್ಸ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಸಾಧಕರ ಬಗ್ಗೆ ಬರೆದುಕೊಡು ಎಂದು ಗುರುಗಳು ಹೇಳಿದಾಗ ನನಗೆ ಹೊಳೆದದ್ದು ರಾಬರ್ಟ್ ನಾಯ್ಸ್. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನಂಥವರ ಅನ್ನದಲ್ಲಿ ಇವರ ಪಾಲಿದೆ.

ನಾಯ್ಸ್ ಹುಟ್ಟಿದ್ದು 1927ರಲ್ಲಿ, ಅಮೆರಿಕದ ಅಯೋವಾ ರಾಜ್ಯದಲ್ಲಿ. ತಂದೆ ಪಾದ್ರಿ. ಬೆಳೆದ ಗ್ರಿನೆಲ್ ಮೆಕ್ಕೆಜೋಳದ ಸೀಮೆಯ ಊರು, ನಮ್ಮ ಶಹಾಪುರ, ಸುರಪುರಕ್ಕಿಂತ ಬಹಳ ಚಿಕ್ಕದು. ಕಾಲೇಜಿನಲ್ಲಿದ್ದಾಗ ಔತಣಕ್ಕೆಂದು ರೈತನೊಬ್ಬನ ಹಂದಿ ಕದ್ದು ಕೆಲವು ತಿಂಗಳು ಹೊರಗುಳಿಯಬೇಕಾಯಿತು. (ಈಗಿನ ವಿದ್ಯಾರ್ಥಿಗಳು ಇದೊಂದನ್ನೇ ನೆನಪಿಡಬಾರದು!) ಆಗ ಕೈಬಿಡದೆ ಪರವಾಗಿ ನಿಂತವರು ಭೌತಶಾಸ್ತ್ರದ ಮೇಷ್ಟ್ರು ಗ್ರಾಂಟ್ ಗೇಲ್. ಹೊಸದಾಗಿ ಬಂದಿದ್ದ ಟ್ರಾನ್ಸಿಸ್ಟರಿನ ರುಚಿ ಹತ್ತಿಸಿದವರೂ ಅವರೇ.

1957ರಲ್ಲಿ ಏಳು ಮಂದಿ ಗೆಳೆಯರೊಡನೆ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. 1959ರಲ್ಲಿ ಒಂದೇ ಸಿಲಿಕಾನ್ ತುಣುಕಿನಲ್ಲಿ ಇಡೀ ಸರ್ಕ್ಯೂಟ್ ಮಾಡುವ ದಾರಿ ಕಂಡುಕೊಂಡರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜಾಕ್ ಕಿಲ್ಬಿ ಹಿಂದಿನ ವರ್ಷವೇ ಬೇರೊಂದು ಬಗೆಯಲ್ಲಿ ಅದನ್ನು ಮಾಡಿದ್ದರು. ಪೇಟೆಂಟಿಗಾಗಿ ಎರಡೂ ಕಂಪನಿಗಳ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು. ಅಷ್ಟಾದರೂ ಚಿಪ್ ದುಬಾರಿ, ಕೊಳ್ಳುವವರು ಕಡಿಮೆ. ನಾಯ್ಸ್ ತಯಾರಿಕೆಯ ಖರ್ಚಿಗಿಂತ ಕಡಿಮೆ ದರಕ್ಕೆ ಮಾರತೊಡಗಿದರು. ಗಿರಾಕಿ ಹೆಚ್ಚಿದರೆ ತಯಾರಿಕೆ ಹೆಚ್ಚುತ್ತದೆ, ಆಗ ಖರ್ಚು ತಾನೇ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಎದುರಾಳಿಗಳೂ ದರ ಇಳಿಸಬೇಕಾಯಿತು.

1968ರಲ್ಲಿ ಗೋರ್ಡನ್ ಮೂರ್ ಜತೆ ಇಂಟೆಲ್ ಆರಂಭಿಸಿದರು. ಜಪಾನಿನ ಬುಸಿಕಾಂ ಕಂಪನಿ ತನ್ನ ಕ್ಯಾಲ್ಕುಲೇಟರಿಗಾಗಿ ಚಿಪ್‌ಗಳನ್ನು ಕೇಳಿತ್ತು. ಹಲವು ಚಿಪ್‌ಗಳ ಬದಲು ಎಲ್ಲ ಕೆಲಸಕ್ಕೂ ಒಗ್ಗುವ ಒಂದು ಚಿಪ್ ಮಾಡೋಣವೆಂದು ಟೆಡ್ ಹಾಫ್ ಸೂಚಿಸಿದರು, ನಾಯ್ಸ್ ಒಪ್ಪಿದರು. ಆದರೆ ಕರಾರಿನ ಪ್ರಕಾರ ಅದನ್ನು ಬೇರೆ ಯಾರಿಗೂ ಮಾರುವಂತಿರಲಿಲ್ಲ. ಅಷ್ಟರಲ್ಲಿ ಕ್ಯಾಲ್ಕುಲೇಟರ್ ದರ ಕುಸಿದು ಬುಸಿಕಾಂ ಕಂಗಾಲಾಯಿತು, ಚಿಪ್ ದರ ಇಳಿಸಿ ಎಂದು ಕೇಳಿತು. ಇಂಥ ಹೊತ್ತಿನಲ್ಲಿ ಮಾತು ಮಾತೇ ಎಂದು ಪಟ್ಟು ಹಿಡಿಯುವ ಅಡತಿಯವರನ್ನೂ, ಕೂತು ಮಾತಾಡುವವರನ್ನೂ ಯಾದಗಿರಿಯ ಮಾರುಕಟ್ಟೆಯಲ್ಲಿ ನಾವು ಕಂಡಿದ್ದೇವೆ. ನಾಯ್ಸ್ ಎರಡನೆಯ ಬಗೆಯವರು. ಬರಿಗೈಯಲ್ಲಿ ಎದ್ದವರೂ ಅಲ್ಲ: ದರ ಇಳಿಸಿದರು, ಬದಲಿಗೆ ಆ ಚಿಪ್ಪನ್ನು ಇತರರಿಗೆ ಮಾರುವ ಹಕ್ಕು ಪಡೆದರು. ಅದೇ 4004, 1971ರ ನವೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮೈಕ್ರೋಪ್ರೊಸೆಸರ್. ಇದನ್ನು ಬರೀ ಔದಾರ್ಯ ಎನ್ನಲಾರೆ, ಜಾಣ ವ್ಯಾಪಾರವೂ ಹೌದು. ಗಿರಾಕಿ ಉಸಿರಾಡಿದ ಎಂಬುದೂ ನಿಜ.

ಎದುರಾಳಿಯಾಗಿದ್ದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸದ ಕೆಲಸ ಶುರುಮಾಡಿತು. ನಾಯ್ಸ್ 1990ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಹತ್ತು ವರ್ಷಗಳ ಬಳಿಕ ಕಿಲ್ಬಿಗೆ ನೊಬೆಲ್ ಬಂತು. ಆ ಸಂದರ್ಭದಲ್ಲಿ ಅವರು ನಾಯ್ಸ್ ಹೆಸರನ್ನು ಗೌರವದಿಂದ ನೆನೆದರು.