ಒಬ್ಬ ದಿವಾನ, ನಾಲ್ವರು ದೊರೆಗಳು

ನೀವು ಪುತ್ತೂರಿನ ಕಚೇರಿಯಲ್ಲೋ, ಸುಳ್ಯದ ಶಾಲೆಯಲ್ಲೋ, ಕಡಬದ ಅಂಗಡಿಯಲ್ಲೋ, ಗಲ್ಫಿನ ಕಂಪೆನಿಯಲ್ಲೋ ದುಡಿಯುತ್ತಿರಬಹುದು. ಒಬ್ಬನೇ ಮೇಲಧಿಕಾರಿಯನ್ನು ನೀವು ಹೊಗಳಿದರೆ ಪಕ್ಕದ ಮೇಜಿನವರು ಬೈಯುವುದನ್ನು ಕಂಡಿದ್ದೀರಲ್ಲವೇ? ಹೇಳಿದ್ದನ್ನು ಅಚ್ಚುಕಟ್ಟಾಗಿ ಮುಗಿಸುವ ಸ್ವಭಾವದವನಿಗೆ ಪ್ರತಿಯೊಂದನ್ನೂ ತಿಳಿಸಿಕೊಡುವ ಯಜಮಾನ ಬೇಕು. ತಾನೇ ಯೋಚಿಸಿ ಮುನ್ನುಗ್ಗುವವನಿಗೆ ಅಂಥ ಯಜಮಾನನೇ ಕಿರಿಕಿರಿ. ಸರ್ ಮಿರ್ಜಾ ಇಸ್ಮಾಯಿಲ್ ಅವರ ಬದುಕಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ದಿವಾನರೆಂದರೆ ಆಳುವವರು ಎಂದೇ ನಾವು ತಿಳಿದಿದ್ದೇವೆ. ಅವರೂ ದೊರೆಯ ಕೈಕೆಳಗಿನ ನೌಕರರೇ ತಾನೆ!

ಮಿರ್ಜಾ ಅವರು 1883ರ ಅಕ್ಟೋಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜ್‌ನಿಂದ ಬಂದ ಕುದುರೆ ವ್ಯಾಪಾರಿ. ಬಾಲಕ ಮಿರ್ಜಾ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಕಲಿತರು. 1905ರಲ್ಲಿ ಪದವಿ ಪಡೆದು ಪೊಲೀಸ್ ಇಲಾಖೆ ಸೇರಿ, ಬಳಿಕ ಅರಮನೆಯ ಸೇವೆಗೆ ಬಂದು, 1926ರಲ್ಲಿ ಮೈಸೂರಿನ ದಿವಾನರಾದರು.

ಕಣ್ಣಾರೆ ನೋಡದೆ ಯಾವ ಕೆಲಸವನ್ನೂ ಒಪ್ಪುವವರಲ್ಲ ಅವರು. ಮುಂಜಾನೆ ಕುದುರೆಯೇರಿ ಬೆಂಗಳೂರಿನ ಬೀದಿಗಳನ್ನು ಪರಿಶೀಲಿಸುತ್ತಿದ್ದರು. ಬೃಂದಾವನ ಉದ್ಯಾನ, ಬೆಂಗಳೂರಿನ ಪುರಭವನ, ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ ಎಲ್ಲವೂ ಅವರ ಕಾಲದವು. ಇಂಥ ಚುರುಕಿನ ವ್ಯಕ್ತಿಗೆ ನಾಲ್ವಡಿಯವರಂಥ ದೊರೆ ಸಿಕ್ಕಿದ್ದು ಭಾಗ್ಯವೆನ್ನಬೇಕು. ಮಿತಭಾಷಿಯಾದ ಮಹಾರಾಜರು ದಿವಾನರ ಮೇಲೆ ಭರವಸೆಯಿಟ್ಟು ಕೆಲಸ ಮಾಡಲು ಬಿಟ್ಟರು. ಹದಿನಾಲ್ಕು ವರ್ಷ ಈ ಜೋಡಿ ಬೇರ್ಪಡಲಿಲ್ಲ.

1940ರ ಆಗಸ್ಟ್ 3ರಂದು ನಾಲ್ವಡಿಯವರು ನಿಧನರಾದರು. ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರಿಗೆ ಆಗ ಇಪ್ಪತ್ತೊಂದರ ಹರೆಯ. ಹೊಸ ದೊರೆಯೊಂದಿಗೆ ಭಿನ್ನಾಭಿಪ್ರಾಯ ಬಂದು 1941ರಲ್ಲಿ ಮಿರ್ಜಾ ರಾಜೀನಾಮೆಯಿತ್ತರು. ಇದರಲ್ಲಿ ದೊರೆಯದೇ ತಪ್ಪೆಂದು ನಾನು ಹೇಳಲಾರೆ. ಹಳೆಯ ಸಲುಗೆಗೆ ಒಗ್ಗಿದ ನೌಕರನಿಗೆ ಹೊಸ ಯಜಮಾನನ ರೀತಿ ಹಿಡಿಸದಿರುವುದು ಸಹಜ.

1942ರಲ್ಲಿ ಜೈಪುರಕ್ಕೆ ಹೋದರು. ಅಲ್ಲಿ ಸವಾಯಿ ಮಾನ್‌ಸಿಂಗ್ ಮಹಾರಾಜರು ಅವರ ಕೈ ಕಟ್ಟಲಿಲ್ಲ. ಮಿರ್ಜಾ ಮತ್ತೆ ಅರಳಿದರು. ನೀವು ಜೈಪುರಕ್ಕೆ ಹೋದರೆ ಎಂ.ಐ. ರಸ್ತೆಯನ್ನು ನೋಡಿ, ಅದು ಅವರದೇ ಹೆಸರು. 1946ರಲ್ಲಿ ಹೈದರಾಬಾದಿಗೆ ಹೋದಾಗ ಮಾತ್ರ ಕಥೆ ಬೇರೆಯಾಯಿತು. ನಿಜಾಮರು ಅಧಿಕಾರದ ಸೂತ್ರವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಭಾರತದೊಂದಿಗೆ ಹೊಂದಿಕೊಳ್ಳಬೇಕೆಂಬ ಮಿರ್ಜಾರ ನಿಲುವನ್ನು ಇತ್ತೆಹಾದುಲ್ ಮುಸ್ಲಿಮೀನ್ ವಿರೋಧಿಸಿತು. ಒಂದು ವರ್ಷ ತುಂಬುವ ಮೊದಲೇ, 1947ರ ಮೇ ತಿಂಗಳಲ್ಲಿ, ಅವರು ಹುದ್ದೆ ಬಿಟ್ಟರು. ಅದೇ ಮನುಷ್ಯ, ಅದೇ ಶ್ರದ್ಧೆ. ಬದಲಾದದ್ದು ಯಜಮಾನ ಮಾತ್ರ.

ಒಂದು ಮಾತನ್ನು ಮುಚ್ಚಿಡಬಾರದು. ದೊರೆಯಿಂದ ಇಷ್ಟು ಸ್ವಾತಂತ್ರ್ಯ ಬಯಸಿದ ಮಿರ್ಜಾ, ಜವಾಬ್ದಾರಿ ಸರಕಾರ ಕೇಳಿದ ಮೈಸೂರಿನ ಪ್ರಜೆಗಳಿಗೆ ಅದನ್ನು ಕೊಡಲು ಹಿಂದೆಮುಂದೆ ನೋಡಿದರು. 1938ರಲ್ಲಿ ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಹಲವರು ಬಲಿಯಾದದ್ದು ಅವರ ದಿವಾನಗಿರಿಯಲ್ಲೇ. ಇನ್ನು, ಯಾವ ಬೆಳಗ್ಗೆ ದಿವಾನರ ಕುದುರೆ ಎದುರು ಬಂದು ನಿಲ್ಲುವುದೋ ಎಂದು ಕಾಯುತ್ತಿದ್ದ ಕೈಕೆಳಗಿನವರಲ್ಲಿ ಕೆಲವರಿಗೆ ಅದು ಉತ್ಸಾಹ, ಕೆಲವರಿಗೆ ನಡುಕ ಆಗಿದ್ದೀತು. ನೀವಾಗಿದ್ದರೆ ಯಾವ ಗುಂಪಿನಲ್ಲಿರುತ್ತಿದ್ದಿರಿ?

ಮಿರ್ಜಾ ಅವರು 1954ರಲ್ಲಿ ಇಂಗ್ಲಿಷಿನಲ್ಲಿ ಆತ್ಮಕಥೆ ಪ್ರಕಟಿಸಿದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು.